ಮೇಷ್ಟ್ರ ಇನ್ನೊಂದು ಮನೆ

ಮೇಷ್ಟ್ರಿಗೆ ಸ್ವಂತ ಮನೆ ಇರಲಿಲ್ಲ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವರೂ ಅವರ ಹೆಂಡತಿಯೂ ಬಾಡಿಗೆಗಿದ್ದರು. ಎರಡು ಕೋಣೆ ಎಂದು ಹೇಳಿಕೊಳ್ಳುತ್ತಿದ್ದರೇ ಹೊರತು ನಡುವೆ ಇದ್ದದ್ದು ಗೋಡೆಯಲ್ಲ, ಬಟ್ಟೆಯ ಬೀರು. ಬೀರುವಿನ ಈಚೆಗಿದ್ದರೆ ಹಾಲು, ಆಚೆಗೆ ಹೋದರೆ ಮಲಗುವ ಕೋಣೆ. ಅಡುಗೆಮನೆ ಎಂಬುದು ಹಾಲಿನ ಒಂದು ಮೂಲೆ. ಬಚ್ಚಲುಮನೆ ಕೆಳಗಡೆ, ಓನರಮ್ಮನ ಜೊತೆ ಹಂಚಿಕೊಂಡದ್ದು. ಓನರಮ್ಮನಿಗೆ ಸ್ನಾನ ಮಾಡುತ್ತಾ ಹಾಡುವ ಅಭ್ಯಾಸ. ಪ್ರತಿದಿನ ಬೆಳಿಗ್ಗೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಹಾಡು ಕೊನೆಯ ಚರಣಕ್ಕೆ ಬಂದಿತೇ ಎಂದು ಕಿವಿಗೊಟ್ಟು ಮೆಟ್ಟಿಲ ಮೇಲೆ ನಿಲ್ಲುವುದೇ ಮೇಷ್ಟ್ರ ಪಾಲಿನ ಸಂಗೀತಾಭ್ಯಾಸವಾಗಿತ್ತು.

ಇಂಥ ಮನುಷ್ಯನ ಕೈಗೆ 'ನನ್ನ ಕನಸಿನ ಮನೆ' ಎಂಬ ಪಾಠ ಸಿಕ್ಕಿದ್ದು ಯಾರ ತಪ್ಪೂ ಅಲ್ಲ. ಪಠ್ಯಪುಸ್ತಕದಲ್ಲಿ ಅದು 'ನನ್ನ ದಿನಚರಿ' ಆದ ಮೇಲೆ ಬರುತ್ತಿತ್ತು, ಅಷ್ಟೆ.

ಹಗಲು ಹೊತ್ತು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರು ಸಂಜೆ ವಾಚನಾಲಯದ ಹಾಲಿನಲ್ಲಿ ದೊಡ್ಡವರಿಗೆ ಇಂಗ್ಲಿಷ್ ಕಲಿಸುತ್ತಿದ್ದರು. ಪೇಪರ್ ಓದುವವರೆಲ್ಲ ಎದ್ದು ಹೋದ ಮೇಲೆ ಅದೇ ಬೆಂಚುಗಳ ಮೇಲೆ ತರಗತಿ. ಅಲ್ಲಿಗೆ ಬರುವವರಲ್ಲಿ ಮುಖ್ಯರು ಇಬ್ಬರು. ಒಬ್ಬ ಪ್ಲಂಬರ್, ದೊಡ್ಡ ಹೋಟೆಲುಗಳ ಕೆಲಸ ಹಿಡಿಯಬೇಕಾದರೆ ನಲ್ಲಿ ಸೋರುವುದನ್ನು ಇಂಗ್ಲಿಷಿನಲ್ಲಿ ಹೇಳಬೇಕು ಎಂದು ಯಾರೋ ಅವನ ತಲೆಗೆ ತುಂಬಿದ್ದರು. ಇನ್ನೊಬ್ಬರು ನಿವೃತ್ತ ಪೊಲೀಸ್ ಹವಾಲ್ದಾರರು. ಅವರು ಬರುತ್ತಿದ್ದ ಕಾರಣವೇ ಬೇರೆ. ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ಯಾರೂ ಅವರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರಲಿಲ್ಲ. ಇಲ್ಲಿ ಉತ್ತರ ಕೊಡುವುದೇ ಮೇಷ್ಟ್ರ ಕೆಲಸವಾಗಿತ್ತು.

ಪಾಠದಲ್ಲಿ ಒಂದು ತೊಡಕಿತ್ತು. ಇಲ್ಲದ ಮನೆಯನ್ನು ಇಂಗ್ಲಿಷಿನಲ್ಲಿ ವರ್ಣಿಸಬೇಕಾದರೆ 'ವುಡ್' ಎಂಬ ಕ್ರಿಯಾಪದ ಬೇಕು. ಮೇಷ್ಟ್ರು ಬೋರ್ಡಿನ ಮೇಲೆ ಅದನ್ನು ಬರೆದು, "ಮೈ ಹೌಸ್ ವುಡ್..." ಎನ್ನುತ್ತಿದ್ದ ಹಾಗೆ ಪ್ಲಂಬರ್ ಕೈ ಎತ್ತಿದ.

"ವುಡ್ ಅಂದ್ರೆ ಮರ ಅಲ್ವಾ ಸಾರ್?"

"ಅದು ಬೇರೆ ವುಡ್ ಕಣಪ್ಪಾ."

"ಬೇರೆ ಅಂದ್ರೆ? ತೇಗಾನಾ, ಹೊನ್ನೆನಾ?"

ಅರ್ಧ ತರಗತಿ ಅಷ್ಟರಲ್ಲೇ ಮರದ ಮನೆ ಎಂದು ಬರೆದುಕೊಂಡಾಗಿತ್ತು. ಹವಾಲ್ದಾರರು ಗೆದ್ದಲಿನ ಬಗ್ಗೆ ಎಚ್ಚರಿಕೆಯ ಮಾತು ಶುರು ಮಾಡಿದ್ದರು. ಮೇಷ್ಟ್ರು ಯೋಚಿಸಿ ನೋಡಿದರು. ಕನಸು, ಕಲ್ಪನೆ, ಷರತ್ತು ಇವೆಲ್ಲ ಮುಂದಿನ ತಿಂಗಳು ಮಾಡಿದರಾಯಿತು. ಸದ್ಯಕ್ಕೆ 'ದೇರ್ ಈಸ್', 'ಇದೆ', ಎಂದು ಸಲೀಸಾಗಿ ಹೇಳಲು ಬಂದರೆ ಸಾಕು. ಹೀಗೆಂದುಕೊಂಡು ಬೋರ್ಡಿನಿಂದ 'ವುಡ್' ಅಳಿಸಿಬಿಟ್ಟರು. ಒಂದು ಸಣ್ಣ ಕ್ರಿಯಾಪದವನ್ನು ಅಳಿಸಿದ್ದಕ್ಕೆ ಮನುಷ್ಯನೊಬ್ಬ ಎಷ್ಟು ಪಾಡು ಪಡಬಹುದು ಎಂಬುದು ವ್ಯಾಕರಣದ ಪುಸ್ತಕಗಳಲ್ಲಿ ಬರೆದಿರುವುದಿಲ್ಲ.

ಆಮೇಲೆ ಅವರು ತಮ್ಮ ಕನಸಿನ ಮನೆಯನ್ನೇ ಉದಾಹರಣೆಗೆ ಇಟ್ಟುಕೊಂಡು ನಿಧಾನವಾಗಿ ವರ್ಣಿಸಿದರು. ಒಂದು ತೋಟವಿದೆ. ಬಚ್ಚಲುಮನೆಯಲ್ಲಿ ಕಾಲು ಚಾಚಿ ಮಲಗುವ ತೊಟ್ಟಿಯಿದೆ. ಮಹಡಿಯ ಮೇಲೆ ಓದುವ ಕೋಣೆಯಿದೆ, ಕಿಟಕಿಯ ಪಕ್ಕ ಒಂದು ಕುರ್ಚಿಯಿದೆ. ಎಲ್ಲವೂ ಇಂಗ್ಲಿಷಿನಲ್ಲಿ, ಎಲ್ಲವೂ ವರ್ತಮಾನ ಕಾಲದಲ್ಲಿ. ಕನ್ನಡಕದ ಹಿಂದೆ ಮೇಷ್ಟ್ರ ಕಣ್ಣು ಅರೆ ಮುಚ್ಚಿತ್ತು. ಎಂದೂ ನೋಡದ ತೊಟ್ಟಿಯ ಬೆಚ್ಚನೆಯ ನೀರು ಅವರ ಧ್ವನಿಯಲ್ಲೇ ಕೇಳುತ್ತಿತ್ತು. ಕೊನೆಗೆ, ನಡೆಯುತ್ತಿರುವ ಕ್ರಿಯೆಯನ್ನೂ ಒಂದಿಷ್ಟು ಕಲಿಸಿದರಾಯಿತು ಎಂಬ ಸದುದ್ದೇಶದಿಂದ, "ಎ ವುಮನ್ ಈಸ್ ಇನ್ ದಿ ಕಿಚನ್. ಶಿ ಈಸ್ ಸ್ಮೈಲಿಂಗ್," ಎಂದು ಸೇರಿಸಿದರು. ಅಡುಗೆಮನೆಯಲ್ಲಿ ಒಬ್ಬ ಹೆಂಗಸಿದ್ದಾಳೆ. ನಗುತ್ತಿದ್ದಾಳೆ.

ಪ್ಲಂಬರ್ ಎದ್ದು ನಿಂತ. ತುಟಿಯಲ್ಲೇ ಏನೋ ಲೆಕ್ಕ ಹಾಕಿದ. ಆಮೇಲೆ ಒಂದೊಂದೇ ಪದ ಇಳಿಸಿದ. "ಈಸ್... ದಿಸ್... ಯುವರ್... ಹೌಸ್, ಸಾರ್?"

ಮೇಷ್ಟ್ರಿಗೆ ರೋಮಾಂಚನವಾಯಿತು. ಇಷ್ಟು ದಿನ ಬರೀ "ವಾಟರ್ ನೋ ಕಮಿಂಗ್" ಎನ್ನುತ್ತಿದ್ದವನ ಬಾಯಲ್ಲಿ, ತಲೆ ಬಾಲ ಎಲ್ಲ ಸರಿಯಾಗಿರುವ ಇಡೀ ಪ್ರಶ್ನೆ! ಪ್ರಶ್ನೆಯ ಅರ್ಥದ ಕಡೆಗೆ ಅವರ ಗಮನವೇ ಹೋಗಲಿಲ್ಲ. ಪೂರ್ಣ ಪ್ರಶ್ನೆಗೆ ಪೂರ್ಣ ಉತ್ತರ ಕೊಡಬೇಕೆಂಬ ನಿಯಮವಷ್ಟೇ ನೆನಪಿತ್ತು.

"ಯೆಸ್," ಎಂದರು ಎದೆ ಉಬ್ಬಿಸಿ. "ಇಟ್ ಈಸ್ ಮೈ ಹೌಸ್."

ತರಗತಿ ಮುಗಿಸಿ ಟೀ ಅಂಗಡಿಯ ಮುಂದೆ ನಿಂತ ಪ್ಲಂಬರನಿಗೆ ಖುಷಿಯೋ ಖುಷಿ. "ನೋಡಿದ್ರಾ ಹವಾಲ್ದಾರ್ರೇ? ಮೇಷ್ಟ್ರು ಸದ್ದಿಲ್ದೆ ಮಹಡಿ ಮನೆ ಕಟ್ಟಿಸ್ಬಿಟ್ಟಿದಾರೆ. ಸ್ನಾನದ ತೊಟ್ಟಿ ಬೇರೆ! ಪೈಪಿನ ಕೆಲಸ ನನಗೆ ಹೇಳ್ಬಾರ್ದಿತ್ತಾ?"

ಹವಾಲ್ದಾರರು ಟೀ ಊದಿ ಊದಿ ಕುಡಿದರು. "ಮನೆ ಇರ್ಲಪ್ಪ. ಅಡುಗೆಮನೇಲಿರೋ ಆ ಹೆಂಗ್ಸು ಯಾರು?"

"ಇನ್ಯಾರು? ಮೇಷ್ಟ್ರ ಹೆಂಡ್ತಿ ಇರ್ಬೇಕು."

"ಆಕೆ ಆಸ್ಪತ್ರೆ ಚೀಟಿ ಕೌಂಟರಿನಲ್ಲಿ ಕೂತ್ಕೊಳ್ಳೋರು. ನಾನು ಮಂಡಿ ನೋವಿಗೆ ಅಂತ ವರ್ಷಗಟ್ಟಲೆ ಹೋಗಿದೀನಿ. ಒಂದು ದಿನಾನಾದ್ರೂ ಆಕೆ ನಕ್ಕಿದ್ದು ನೋಡಿದೀಯಾ?"

ಪ್ಲಂಬರ್ ನೆನಪಿಸಿಕೊಳ್ಳಲು ಪ್ರಯತ್ನಿಸಿದ. ಆಗಲಿಲ್ಲ.

"ಹಾಗಾದ್ರೆ," ಎಂದು ಹವಾಲ್ದಾರರು ಲೋಟ ಕೆಳಗಿಟ್ಟರು, "ಇದು ಬೇರೆ ಹೆಂಗ್ಸು. ಮೇಷ್ಟ್ರು ಇನ್ನೊಂದು ಮನೆ ಮಾಡಿದಾರೆ."

ನಮ್ಮ ಭಾಷೆಯಲ್ಲಿ 'ಇನ್ನೊಂದು ಮನೆ ಮಾಡುವುದು' ಎಂದರೆ ಇಟ್ಟಿಗೆ ಸಿಮೆಂಟಿನ ವ್ಯವಹಾರವಲ್ಲ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಟೀ ಅಂಗಡಿಯವನು ಸ್ಟವ್ವಿನ ಉರಿ ಸಣ್ಣ ಮಾಡಿ ಹತ್ತಿರ ಬಂದು ನಿಂತ.

ಮರುದಿನ ಪ್ಲಂಬರ್ ಓನರಮ್ಮನ ನಲ್ಲಿ ರಿಪೇರಿಗೆ ಹೋದ. ಹೆಂಗಸಿನ ವಿಷಯ ಹೇಳಬಾರದೆಂದು ತೀರ್ಮಾನಿಸಿಕೊಂಡೇ ಹೋಗಿದ್ದ. ಆದ್ದರಿಂದ ಮನೆಯ ವಿಷಯ ಮಾತ್ರ ಹೇಳಿದ. ಓನರಮ್ಮ ಆವತ್ತು ಸ್ನಾನದ ಹಾಡನ್ನು ಅರ್ಧಕ್ಕೇ ಮುಗಿಸಿ, ತಲೆಗೆ ಟವೆಲ್ಲು ಸುತ್ತಿಕೊಂಡೇ ಮಹಡಿ ಹತ್ತಿದರು.

"ಕಂಗ್ರಾಜುಲೇಷನ್ಸ್ ಮೇಷ್ಟ್ರೇ! ನಮಗೆಲ್ಲಾ ಒಂದು ಮಾತು ಹೇಳ್ಬಾರ್ದಾ? ಹೋಗ್ಲಿ ಬಿಡಿ. ಯಾವಾಗ ಖಾಲಿ ಮಾಡ್ತೀರಿ? ನನ್ನ ತಂಗಿ ಮಗಳಿಗೆ ಮನೆ ಬೇಕಾಗಿತ್ತು. ಕೊಡ್ತೀನಿ ಅಂತ ಮಾತು ಕೊಟ್ಟುಬಿಟ್ಟೆ."

ಮೇಷ್ಟ್ರ ಕೈಯಲ್ಲಿದ್ದ ಕಾಫಿ ಅಲ್ಲೇ ನಿಂತಿತು. "ಖಾಲಿ ಯಾಕೆ ಮಾಡ್ಬೇಕು?"

"ಮಹಡಿ ಮನೆ ಕಟ್ಟಿಸ್ಕೊಂಡು ಇಲ್ಲೇ ಇರ್ತೀರಾ? ಒಳ್ಳೆ ತಮಾಷೆ!"

ಮೇಷ್ಟ್ರು ವಿವರಿಸಿದರು. ಅದು ಪಾಠ, ಉದಾಹರಣೆ, ವರ್ತಮಾನ ಕಾಲ ಎಂದರು. ಓನರಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ದೃಷ್ಟಿ ತಾಗುತ್ತೆ ಅಂತ ಭಯ, ನನಗರ್ಥ ಆಗುತ್ತೆ," ಎಂದು ಕಣ್ಣು ಮಿಟುಕಿಸಿ ಇಳಿದು ಹೋದರು. ಮೇಷ್ಟ್ರ ಹೆಂಡತಿ ಬೀರುವಿನ ಆಚೆಯಿಂದ ಇಣುಕಿ, "ರೀ, ಮಹಡಿ ಮನೆ ಅಂತೆ?" ಎಂದು ಕೇಳಿದಳು. ವಿಷಯ ತಿಳಿದು, "ಇಲ್ಲಿ ಬಾಗಿಲ ಚಿಲಕ ಬಿದ್ದುಹೋಗಿ ಎಷ್ಟು ದಿನ ಆಯ್ತು ಅಂತ ಅವರಿಗೆ ಹೇಳ್ಬೇಕಿತ್ತು," ಎಂದಳೇ ಹೊರತು ತಲೆ ಕೆಡಿಸಿಕೊಳ್ಳಲಿಲ್ಲ.

ಅಲ್ಲಿಗೇ ಮುಗಿಯಬೇಕಾಗಿತ್ತು. ಆದರೆ ಸಂಜೆ ಷಡ್ಡಕ ಬಂದ.

ಮೇಷ್ಟ್ರ ಹೆಂಡತಿಯ ಅಕ್ಕನ ಗಂಡನಾದ ಈತ ಟೈಲ್ಸ್ ವ್ಯಾಪಾರಿ. ಮನೆ ಕಟ್ಟಿಸಿದ ದಿನದಿಂದ ಅವನ ಬಾಯಲ್ಲಿ ಬೇರೆ ಮಾತೇ ಬರುತ್ತಿರಲಿಲ್ಲ. ಮೇಷ್ಟ್ರ ಮನೆಗೆ ಬಂದಾಗಲೆಲ್ಲ ಕುರ್ಚಿಯಲ್ಲಿ ಕೂತು, ನೆಲವನ್ನು ಬೂಟಿನ ತುದಿಯಿಂದ ತಟ್ಟಿ, "ಇಲ್ಲೆಲ್ಲ ಸಿಮೆಂಟೇ ಅಲ್ವಾ?" ಎಂದು ಅನುಕಂಪದಿಂದ ಕೇಳುವುದು ವಾಡಿಕೆ. ಇವತ್ತು ಅವನು ನೆಲ ತಟ್ಟಲಿಲ್ಲ.

"ಏನ್ರೀ ಷಡ್ಡಕರೇ," ಎಂದ. ಮುಖ ಸೋತಿತ್ತು. "ಊರೆಲ್ಲಾ ಮಾತಾಡ್ತಿದೆ. ನಿಜಾನಾ?"

ಮೇಷ್ಟ್ರು "ಅಲ್ಲ" ಎನ್ನಲು ಬಾಯಿ ತೆರೆದರು. ಆ ಸೋತ ಮುಖವನ್ನು ಇನ್ನೊಮ್ಮೆ ನೋಡಿದರು. ಬಾಯಿ ಮುಚ್ಚಿ, ಸುಮ್ಮನೆ ಮುಗುಳ್ನಕ್ಕರು. ಒಂದೇ ಒಂದು ನಿಮಿಷ ಅನುಭವಿಸಿ ಆಮೇಲೆ ನಿಜ ಹೇಳಿಬಿಡೋಣ ಎಂಬ ಯೋಚನೆ ಅವರದು.

"ನೆಲಕ್ಕೆ ಏನು ಹಾಕಿಸಿದೀರಿ?" ಎಂದ ಷಡ್ಡಕ.

"ಸಾಧಾರಣದ್ದೇ," ಎಂದರು ಮೇಷ್ಟ್ರು. "ಅಮೃತಶಿಲೆ."

"ಅಮೃತಶಿಲೆ! ನನ್ನ ಅಂಗಡೀಲಿ ತಗೊಳ್ಳಲಿಲ್ವಲ್ರೀ!"

"ನಿಮ್ಮಲ್ಲಿ ಆ ಬಣ್ಣ ಇರಲಿಲ್ಲ."

ನಿಮಿಷ ಮುಗಿದು ಎಷ್ಟೋ ಹೊತ್ತಾಗಿತ್ತು. ಷಡ್ಡಕ ಎದ್ದು ಹೋಗುವ ಹೊತ್ತಿಗೆ ಕನಸಿನ ಮನೆಗೆ ಎರಡು ಬಾಲ್ಕನಿ, ಒಂದು ಕಾರಂಜಿ ಸೇರಿಕೊಂಡಿದ್ದವು. ಚೀಟಿ ಕೌಂಟರಿನಿಂದ ಆಗಷ್ಟೇ ಮರಳಿದ್ದ ಹೆಂಡತಿ ಬಾಗಿಲಲ್ಲಿ ನಿಂತು ಕಾರಂಜಿಯ ಭಾಗವನ್ನು ಪೂರ್ತಿ ಕೇಳಿಸಿಕೊಂಡಿದ್ದಳು.

"ಅದೇನು ಅಷ್ಟು ಸಲೀಸಾಗಿ ಹೇಳ್ತಿದ್ರಿ?" ಎಂದಳು. "ದಿನಾ ಹೋಗಿ ನೋಡ್ಕೊಂಡು ಬಂದೋರ ಹಾಗೆ?"

"ಸುಮ್ನೆ ತಮಾಷೆಗೆ ಕಣೇ."

"ನನ್ನ ಹತ್ರ ಯಾವತ್ತೂ ಇಷ್ಟು ತಮಾಷೆ ಮಾಡಿಲ್ವಲ್ಲ ನೀವು," ಎಂದು ಆಕೆ ಚೀಲ ಕೆಳಗಿಟ್ಟಳು. ಇಟ್ಟ ಸದ್ದು ಎಂದಿಗಿಂತ ಜೋರಾಗಿತ್ತು.

ಉಳಿದಿದ್ದ ಕೆಲಸವನ್ನು ಹವಾಲ್ದಾರರು ಪೂರೈಸಿದರು. ಮಾರನೆಯ ದಿನ ಅವರು ಚೀಟಿ ಕೌಂಟರಿನ ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ ಟೋಪಿ ತೆಗೆದರು.

"ಹೆಸರು? ವಯಸ್ಸು? ಏನು ತೊಂದರೆ?" ಎಂದಳು ಮೇಷ್ಟ್ರ ಹೆಂಡತಿ, ತಲೆ ಎತ್ತದೆ.

"ತೊಂದರೆ ನನಗಲ್ಲಮ್ಮಾ, ನಿಮಗೆ. ಮನಸ್ಸು ಗಟ್ಟಿ ಮಾಡ್ಕೊಳ್ಳಿ. ಮೇಷ್ಟ್ರು ಎಲ್ಲರ ಎದುರಿಗೇ ಒಪ್ಕೊಂಡಿದಾರೆ. ಅದೂ ಇಂಗ್ಲಿಷ್‌ನಲ್ಲಿ. ಆ ಮನೆ ಅಡುಗೆಮನೇಲಿ ಒಬ್ಳು ಹೆಂಗ್ಸಿದಾಳೆ."

ಆಕೆ ಪೆನ್ನು ಕೆಳಗಿಟ್ಟಳು. "ಹೆಂಗ್ಸಾ?"

"ನಗ್ತಾ ಇದಾಳಂತೆ."

ಹಿಂದೆ ನಿಂತಿದ್ದ ಸಾಲು ಕೆಮ್ಮುವುದನ್ನು ನಿಲ್ಲಿಸಿತು. ಆಸ್ಪತ್ರೆಯ ಇತಿಹಾಸದಲ್ಲಿ ಅಷ್ಟು ಜನ ರೋಗಿಗಳು ಒಟ್ಟಿಗೆ ಗುಣವಾದದ್ದು ಅದೇ ಮೊದಲು.

"ಇಡೀ ದಿನ ಇಲ್ಲಿ ಕೂತು, ಮನೆಗೆ ಹೋಗಿ ಒಂದು ಮೂಲೇಲಿ ನಿಂತ್ಕೊಂಡು ಅಡುಗೆ ಮಾಡೋಳು ನಾನು," ಎಂದಳು ಆಕೆ, ತಣ್ಣಗೆ. "ಆವಮ್ಮ ನಗ್ತಾ ಇದಾಳಾ? ಇರ್ಲಿ. ಸಂಜೆ ಕ್ಲಾಸು ಎಷ್ಟು ಹೊತ್ತಿಗೆ?"

ಈ ಯಾವುದರ ಸುಳಿವೂ ಇಲ್ಲದ ಮೇಷ್ಟ್ರು ಶಾಲೆಯಿಂದ ಮನೆಗೆ ಬಂದರೆ ಮೆಟ್ಟಿಲ ತಿರುವಿನಲ್ಲಿ ಒಂದು ಭಾರಿ ಮಂಚ ಸಿಕ್ಕಿಹಾಕಿಕೊಂಡಿತ್ತು. ಓನರಮ್ಮನ ತಂಗಿಯ ಮಗಳದಂತೆ; ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಮೇಷ್ಟ್ರು ಮಂಚದ ಕೆಳಗೆ ಅಂಬೆಗಾಲಿಟ್ಟು ನುಸುಳಿ ತಮ್ಮ ಬಾಗಿಲಿಗೆ ಬಂದರು. ಅಲ್ಲಿ ಟೇಪು ಹಿಡಿದುಕೊಂಡು ಒಬ್ಬ ಕಾಯುತ್ತಿದ್ದ. ಪ್ಯಾಂಟಿನ ಮಂಡಿಯ ಧೂಳು ನೋಡಿದರೆ ಅವನೂ ನುಸುಳಿಯೇ ಬಂದಿದ್ದ.

"ಮನೆ ತೆರಿಗೆ ಇನ್‌ಸ್ಪೆಕ್ಟರ್," ಎಂದು ಪರಿಚಯಿಸಿಕೊಂಡ. "ಕಾರಂಜಿ ಇರೋ ಮನೆ ನಿಮ್ಮದೇ ಅಲ್ವಾ? ನಮ್ಮ ದಾಖಲೆಯಲ್ಲಿ ಇಲ್ವಲ್ಲ ಸಾರ್."

"ಭೂಮಿ ಮೇಲೇ ಇಲ್ಲ ಸ್ವಾಮಿ, ದಾಖಲೇಲಿ ಹೇಗಿರುತ್ತೆ?"

"ತೆರಿಗೆ ಕಟ್ಟದೋರೆಲ್ಲ ಹಾಗೇ ಹೇಳೋದು. ಎಲ್ಲಿದೆ ತೋರಿಸಿ, ಅಳೆದುಕೊಂಡು ಹೋಗ್ತೀನಿ."

"ಅದು ನನ್ನ ತಲೇಲಿದೆ ಅಷ್ಟೇ!"

ಇನ್‌ಸ್ಪೆಕ್ಟರ್ ಮೇಷ್ಟ್ರ ತಲೆಯನ್ನೊಮ್ಮೆ, ಕೈಯಲ್ಲಿದ್ದ ಟೇಪನ್ನೊಮ್ಮೆ ನೋಡಿದ. ಕ್ಲಾಸಿಗೆ ತಡವಾಯಿತೆಂದು ಮೇಷ್ಟ್ರು ಪುನಃ ಮಂಚದ ಕೆಳಗೆ ನುಸುಳಿದರು. ಇವನು ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ಇನ್‌ಸ್ಪೆಕ್ಟರೂ ಹಿಂದೆಯೇ ನುಸುಳಿದ.

ವಾಚನಾಲಯದ ಹಾಲು ಎಂದೂ ಇಲ್ಲದಷ್ಟು ತುಂಬಿತ್ತು. ಪ್ಲಂಬರ್, ಹವಾಲ್ದಾರರು ಸರಿ. ಟೀ ಅಂಗಡಿಯವನು ಅಂಗಡಿ ಮುಚ್ಚಿ ಬಂದಿದ್ದ. ಓನರಮ್ಮ ಕಿಟಕಿಯ ಪಕ್ಕ. ಷಡ್ಡಕ ಕಂಬಕ್ಕೊರಗಿ, ನಿದ್ದೆಯಿಲ್ಲದ ಕಣ್ಣಲ್ಲಿ. ಮುಂದಿನ ಬೆಂಚಿನ ಮೇಲೆ, ತೊಡೆಯ ಮೇಲೆ ಚೀಲವಿಟ್ಟುಕೊಂಡು, ನೆಟ್ಟಗೆ ಕೂತಿದ್ದವಳು ಸ್ವಂತ ಹೆಂಡತಿ.

ಇಂಗ್ಲಿಷ್ ಕಲಿಕೆಯ ಬಗ್ಗೆ ಊರಿನಲ್ಲಿ ಇಷ್ಟು ಆಸಕ್ತಿ ಹುಟ್ಟಿತಲ್ಲ ಎಂದು ಮೇಷ್ಟ್ರಿಗೆ ಒಂದು ಕ್ಷಣ ಸಂತೋಷವೇ ಆಯಿತು. ಹೆಂಡತಿಯ ಮುಖ ಸರಿಯಾಗಿ ಕಂಡ ಮೇಲೆ ಸಂತೋಷ ಇಳಿಯಿತು.

"ಆ ಮನೇನ ಬೋರ್ಡ್ ಮೇಲೆ ಬರೆದು ತೋರಿಸಿ," ಎಂದಳು ಆಕೆ.

"ಯಾವ ಮನೆ?"

"ನಗೋ ಮನೆ."

ಹವಾಲ್ದಾರರು ತಲೆದೂಗಿದರು. ಮೇಷ್ಟ್ರಿಗೆ ಆಗ ಎಲ್ಲ ಅರ್ಥವಾಯಿತು. ಅದು ಬರೀ ಕಲ್ಪನೆ, ನನ್ನಾಣೆ ಎಂದರು. ಯಾರೂ ನಂಬಲಿಲ್ಲ. "ನನಗೆ ಅಮೃತಶಿಲೆ ಅಂದ್ರಿ!" ಎಂದು ಷಡ್ಡಕ ಕಂಬದಿಂದಲೇ ಕೂಗಿದ. ಬೇರೆ ದಾರಿ ಕಾಣದೆ ಮೇಷ್ಟ್ರು ಸೀಮೆಸುಣ್ಣ ಹಿಡಿದರು. ತೋಟ ಬರೆದರು, ಹಾಲು ಬರೆದರು, ತೊಟ್ಟಿ ಬರೆದರು. ಮೇಲೆ ಓದುವ ಕೋಣೆ, ಕಿಟಕಿ, ಕುರ್ಚಿ. ಕೆಳಗೆ ಅಡುಗೆಮನೆಯಲ್ಲಿ ಒಂದು ಹೆಂಗಸಿನ ಗೊಂಬೆ.

ಆಕೆ ಎದ್ದು ಬೋರ್ಡಿನ ಹತ್ತಿರ ಬಂದಳು. ಆಸ್ಪತ್ರೆಗೆ ಬಂದವನನ್ನು ನೋಡುವ ಹಾಗೆ ಆ ಮನೆಯನ್ನು ಮೇಲಿನಿಂದ ಕೆಳಗೆ ನೋಡಿದಳು.

"ಇದು ಮಹಡಿ?"

"ಹೌದು."

"ಹತ್ತೋದು ಹೇಗೆ?"

ಮೇಷ್ಟ್ರು ಬೋರ್ಡು ನೋಡಿದರು. ಬೆಂಚುಗಳೆಲ್ಲ ಮುಂದಕ್ಕೆ ಬಾಗಿದವು. ಮೆಟ್ಟಿಲು ಇರಲಿಲ್ಲ.

"ಪಾತ್ರೆ ತೊಳೆಯೋದೆಲ್ಲಿ?"

ಅದೂ ಇರಲಿಲ್ಲ.

"ಬಟ್ಟೆ ಬೀರು? ಕಸ ಹಾಕೋದು? ಅಕ್ಕಿ ಡಬ್ಬ ಇಡೋಕೆ ಒಂದು ಶೆಲ್ಫು?"

ಮೇಷ್ಟ್ರು ತಲೆ ತಗ್ಗಿಸಿದರು. ಇಷ್ಟು ವರ್ಷ ಕಟ್ಟಿದ ಮನೆಯಲ್ಲಿ ಅವರು ಒಂದು ಚಮಚವನ್ನೂ ಇಟ್ಟಿರಲಿಲ್ಲ.

ಆಕೆ ಸಭೆಯ ಕಡೆ ತಿರುಗಿದಳು. "ಕೇಳಿ ಎಲ್ರೂ. ಇದರಲ್ಲಿ ಬೇರೆ ಹೆಂಗ್ಸಿನ ಕೈವಾಡ ಏನೂ ಇಲ್ಲ. ಇದ್ದಿದ್ರೆ ಮೊದಲನೇ ದಿನವೇ ಮೆಟ್ಟಿಲು ಕೇಳಿರ್ತಿದ್ಳು. ಇದು ಪೂರ್ತಿ ನಮ್ಮೆಜಮಾನ್ರ ಸ್ವಂತ ತಲೆಯಿಂದಲೇ ಬಂದದ್ದು."

ನ್ಯಾಯ ತೀರ್ಮಾನವಾಯಿತು. ಹವಾಲ್ದಾರರು, ಒಳ್ಳೆಯ ಕೇಸೊಂದು ಕೈತಪ್ಪಿದ ಬೇಸರದಲ್ಲಿ, ಟೋಪಿ ಹಾಕಿಕೊಂಡರು. ಮೆಟ್ಟಿಲಿಲ್ಲದ ಮಹಡಿಗೆ ತೆರಿಗೆ ಹಾಕುವ ನಿಯಮ ತನಗೆ ತಿಳಿದ ಮಟ್ಟಿಗೆ ಇಲ್ಲವೆಂದು ಇನ್‌ಸ್ಪೆಕ್ಟರ್ ಟೇಪು ಸುತ್ತಿದ. ಷಡ್ಡಕನ ಮುಖಕ್ಕೆ ರಕ್ತ ಮರಳಿತು. ಓಡಿ ಬಂದು ಮೇಷ್ಟ್ರನ್ನು ತಬ್ಬಿಕೊಂಡು, "ನನಗೆ ಗೊತ್ತಿತ್ತು ಷಡ್ಡಕರೇ, ನೀವು ಅಂಥೋರಲ್ಲ, ನೀವು ಮನೆ ಕಟ್ಟಿಸೋರೇ ಅಲ್ಲ," ಎಂದು ಕಣ್ಣೊರೆಸಿಕೊಂಡ.

"ಒಂದು ಮಾತ್ರ ಉಳೀತು," ಎಂದಳು ಹೆಂಡತಿ, ಗೊಂಬೆಯ ಮೇಲೆ ಬೆರಳಿಟ್ಟು. "ಇವಳು ಯಾರು?"

"ನೀನೇ ಕಣೇ," ಎಂದರು ಮೇಷ್ಟ್ರು ಸಣ್ಣ ದನಿಯಲ್ಲಿ.

"ನಾನಾ? ನಾನು ಯಾವತ್ತು ಅಡುಗೆಮನೇಲಿ ನಕ್ಕಿದೀನಿ?"

"ಅದಕ್ಕೇ ಅಲ್ವಾ ಅದು ಕನಸಿನ ಮನೆ."

ಆಕೆಯ ತುಟಿಯ ಒಂದು ಕೊನೆ ಅಲುಗಿತು. ಆದರೆ ಅಷ್ಟು ಸುಲಭಕ್ಕೆ ಬಿಟ್ಟುಕೊಡುವವಳಲ್ಲ ಆಕೆ. ಡಸ್ಟರ್ ತೆಗೆದುಕೊಂಡು ಅಡುಗೆಮನೆಯ ಗೊಂಬೆಯನ್ನು ಅಳಿಸಿದಳು. ಮಹಡಿಗೆ ಒಂದು ಗಟ್ಟಿಯಾದ ಮೆಟ್ಟಿಲ ಸಾಲು ಎಳೆದಳು. ಮೇಲಿನ ಕುರ್ಚಿಯಲ್ಲಿ, ಕಿಟಕಿಯ ಪಕ್ಕ, ಕಾಲು ಚಾಚಿಕೊಂಡ ಹೆಂಗಸೊಬ್ಬಳನ್ನು ಕೂರಿಸಿದಳು. ಕೆಳಗೆ ಪಾತ್ರೆ ತೊಳೆಯುವ ಜಾಗ ಮಾಡಿ, ಅದರ ಮುಂದೆ ಕನ್ನಡಕದ ಗಂಡಸೊಬ್ಬನನ್ನು ನಿಲ್ಲಿಸಿದಳು.

"ಈಗ ನಗ್ತಿದಾಳೆ ನೋಡಿ," ಎಂದಳು. ನಿಜಕ್ಕೂ ಆಕೆ ನಗುತ್ತಿದ್ದಳು. ಹವಾಲ್ದಾರರು ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದರು.

ಪ್ಲಂಬರ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. "ಎ ಮ್ಯಾನ್ ಈಸ್ ಇನ್ ದಿ ಕಿಚನ್," ಎಂದ. "ಹಿ ಈಸ್ ನಾಟ್ ಸ್ಮೈಲಿಂಗ್."

"ವೆರಿ ಗುಡ್!" ಎಂದು ಮೇಷ್ಟ್ರು ಹರ್ಷದಿಂದ ಕೂಗಿದರು. ಒಂದು ತಪ್ಪೂ ಇರಲಿಲ್ಲ.

ಬಾಡಿಗೆ ಮನೆಯೂ ಉಳಿಯಿತು. ಮಂಚ ಹತ್ತದ ಮನೆ ತನಗೆ ಬೇಡವೆಂದು ಓನರಮ್ಮನ ತಂಗಿಯ ಮಗಳು ಮಾರನೆಯ ದಿನವೇ ಹೇಳಿದಳು. ಮಂಚವನ್ನು ಬಿಚ್ಚಿ ಇಳಿಸಲು ಸೈಕಲ್ ಅಂಗಡಿಯವರೆಲ್ಲ ಸೇರಬೇಕಾಯಿತು. ಅಂದಿನಿಂದ ಮೇಷ್ಟ್ರ ಮನೆಯಲ್ಲಿ ರಾತ್ರಿಯ ಪಾತ್ರೆ ಯಾರು ತೊಳೆಯುತ್ತಾರೆ ಎಂದು ಕೇಳುವುದು ಸಭ್ಯತೆಯಲ್ಲ. ಆದರೆ ಅವರ ಅಂಗಿಯ ತೋಳು ಮೊಣಕೈಯವರೆಗೆ ಒದ್ದೆಯಿರುವುದನ್ನು ಬೀದಿಯೇ ಕಂಡಿದೆ.

ಹೆಂಡತಿಯೂ ತರಗತಿಗೆ ಸೇರಿದಳು. ಏನು ಉದಾಹರಣೆ ಕೊಡುತ್ತಾರೋ ನಾನೇ ಕೇಳಬೇಕು ಎಂಬುದು ಆಕೆಯ ವಾದ. ಮುಂದಿನ ಪಾಠ 'ನನ್ನ ಆಪ್ತ ಗೆಳತಿ' ಎಂದಿತ್ತು. ಮೇಷ್ಟ್ರು ಅದರ ಪುಟವನ್ನು ಒಮ್ಮೆ ನೋಡಿ, ಮುಂದಿನ ಬೆಂಚನ್ನು ಒಮ್ಮೆ ನೋಡಿ, ಎರಡು ಹಾಳೆ ಒಟ್ಟಿಗೆ ಮಗುಚಿ 'ಹವಾಮಾನ'ಕ್ಕೆ ಬಂದರು. ಇದರಲ್ಲಿ ಯಾರಿಗೂ ಯಾವ ಅಪಾಯವೂ ಕಾಣಲಿಲ್ಲ. ನಿರಾಳವಾಗಿ ಉಸಿರು ಬಿಟ್ಟು, ಕಿಟಕಿಯ ಕಡೆ ಕೈ ತೋರಿಸಿ, ಸ್ಪಷ್ಟವಾಗಿ ಹೇಳಿದರು: "ಇಟ್ ಈಸ್ ರೇನಿಂಗ್."

"ಅಯ್ಯೋ, ಮಳೇನಾ? ನನ್ನ ಬಟ್ಟೆ!" ಎಂದು ಹೆಂಡತಿ ಎದ್ದು ಓಡಿದಳು. ಆಕೆಯ ಹಿಂದೆ, ಹೊರಗೆ ಬಿಟ್ಟುಬಂದ ತನ್ನ ಸಾಮಾನಿನ ಚೀಲ ನೆನಪಾಗಿ ಪ್ಲಂಬರ್, ಏನೋ ನಡೆದಿದೆ ಎಂಬ ಭರವಸೆಯಲ್ಲಿ ಹವಾಲ್ದಾರರು, ಅವರ ಹಿಂದೆ ಇಡೀ ತರಗತಿ. ಹೊರಗೆ ಸಂಜೆಬಿಸಿಲು ಚೆನ್ನಾಗಿ ಕಾಯುತ್ತಿತ್ತು.